ಹಸುವಿನ ಕ್ಯಾಲೆಂಡರಿಗೆ ಭಾನುವಾರವಿಲ್ಲ
ಕೊಟ್ಟಿಗೆಯ ದಿನಲೆಕ್ಕ, ಕಚೇರಿಯ ದಿನಲೆಕ್ಕ: ಯಾವುದನ್ನು ಎಲ್ಲಿ ಎಣಿಸಬೇಕು?



ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅತ್ತೆ ಸೊಸೆ ಆಡುವ ಮಾತು ಇದು. ನಿಮ್ಮ ಮನೆಯಲ್ಲೂ ಒಂದಲ್ಲ ಒಂದು ಸಲ ನಡೆದಿರುತ್ತದೆ.

"ನಮ್ಮ ಗೌರಿ ಯಾವಾಗ ಕರು ಹಾಕ್ತಾಳೆ ಅತ್ತೆ?"

"ಯುಗಾದಿಗೆ ಮುಂಚೆ, ಫಾಲ್ಗುಣದಲ್ಲಿ ಅಲ್ವೇನವ್ವಾ ಸೂಜಿ ಹಾಕಿಸಿದ್ದು? ಒಂಬತ್ತು ತಿಂಗಳು ಎಣಿಸು. ಮಾರ್ಗಶಿರ ಮುಗಿಯೋ ಹೊತ್ತಿಗೆ ಹಾಕ್ತಾಳೆ."

"ಇಂಗ್ಲಿಷ್ ತಿಂಗಳಲ್ಲಿ ಒಂಬತ್ತು ಎಣಿಸಿದ್ರೆ ಡಿಸೆಂಬರ್ ಹತ್ತಕ್ಕೇ ಆಗುತ್ತಲ್ಲ ಅತ್ತೆ?"

ಗೌರಿಗೆ ಕೃತಕ ಗರ್ಭಧಾರಣೆ ಮಾಡಿಸಿದ್ದು 2026ರ ಮಾರ್ಚ್ 10ರಂದು ಎಂದುಕೊಳ್ಳೋಣ. ಸೊಸೆಯ ಲೆಕ್ಕಕ್ಕೆ ಡಿಸೆಂಬರ್ 10. ಅತ್ತೆಯ ಲೆಕ್ಕಕ್ಕೆ ಡಿಸೆಂಬರ್ 30ರ ಆಸುಪಾಸು. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ ಎಂದು ಒಂದೊಂದೇ ದಿನ ಎಣಿಸಿದರೆ ಬರುವುದು ಡಿಸೆಂಬರ್ 15. ಒಂದೇ ಹಸು, ಮೂರು ಲೆಕ್ಕ, ನಡುವೆ ಇಪ್ಪತ್ತು ದಿನದ ಅಂತರ.

ಇಪ್ಪತ್ತು ದಿನ ತಾನೇ ಎನ್ನಬೇಡಿ. ಹಾಲು ಬತ್ತಿಸುವ ದಿನ, ವಿಮೆ ಮುಗಿಯುವ ದಿನ, ಔಷಧ ಕೊಟ್ಟ ಹಸುವಿನ ಹಾಲನ್ನು ಮತ್ತೆ ಡೇರಿಗೆ ಹಾಕುವ ದಿನ, ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಬೇಕಾದ ದಿನ ಎಲ್ಲವೂ ಎಣಿಕೆಯ ಮೇಲೆ ನಿಂತಿವೆ. ಎಣಿಕೆ ತಪ್ಪಿದರೆ ದುಡ್ಡು ಹೋಗುವುದು ನಮ್ಮದೇ. ಆದ್ದರಿಂದ ಈ ಸಂಚಿಕೆಯಲ್ಲಿ ದಿನ ಎಣಿಸುವ ಸಣ್ಣ ವಿದ್ಯೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪೆನ್ನು, ಗೋಡೆಯ ಕ್ಯಾಲೆಂಡರು ಎರಡಿದ್ದರೆ ಸಾಕು.

ಅತ್ತೆಯ ಲೆಕ್ಕ ಎಲ್ಲಿ ತಪ್ಪಿತು?

ಅತ್ತೆ ಎಣಿಸಿದ್ದು ಚಾಂದ್ರಮಾನ ತಿಂಗಳನ್ನು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂಥ ಒಂಬತ್ತು ತಿಂಗಳಿಗೆ 266 ದಿನವಷ್ಟೇ ಆಗುತ್ತದೆ. ಹಾಗಾಗಿ ಬೇರೆ ವರ್ಷಗಳಲ್ಲಿ ಈ ಲೆಕ್ಕ ಕರು ಹಾಕುವ ದಿನವನ್ನು ಸುಮಾರು ಎರಡು ವಾರ ಮುಂಚೆ ತೋರಿಸುತ್ತದೆ. "ಒಂಬತ್ತು ತಿಂಗಳು ಒಂಬತ್ತು ದಿನ" ಎಂದು ಹಿರಿಯರು ಸೇರಿಸಿ ಹೇಳಿದರೆ ಅಂತರ ಕಡಿಮೆಯಾಗುತ್ತದೆ.

ಆದರೆ 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದಿದೆ, ಮೇ 17ರಿಂದ ಜೂನ್ 15ರವರೆಗೆ. ಚೈತ್ರ, ವೈಶಾಖ, ಜ್ಯೇಷ್ಠ ಎಂದು ಹೆಸರು ಹಿಡಿದು ಬೆರಳು ಮಡಚುತ್ತಾ ಹೋದವರ ಲೆಕ್ಕದಲ್ಲಿ ಎರಡು ಜ್ಯೇಷ್ಠಗಳು ಒಂದಾಗಿಬಿಡುತ್ತವೆ. ಒಂಬತ್ತು ಹೆಸರಿನೊಳಗೆ ಹತ್ತು ತಿಂಗಳು, 295 ದಿನ, ಕೂತಿರುತ್ತವೆ. ಹಾಗಾಗಿ ಆ ವರ್ಷ ಅದೇ ಲೆಕ್ಕ ಹದಿನೈದು ದಿನ ತಡ ತೋರಿಸುತ್ತದೆ. ಅತ್ತೆಗೆ ಎಣಿಸಲು ಬಾರದೆ ತಪ್ಪಿದ್ದಲ್ಲ. ಹಬ್ಬಕ್ಕೆ, ಬಿತ್ತನೆಗೆ ಸರಿಹೋಗುವ ಪಂಚಾಂಗ ಹಸುವಿನ ಗಬ್ಬಕ್ಕೆ ಹೊಂದುವುದಿಲ್ಲ, ಅಷ್ಟೇ.

ಇನ್ನು ಸೊಸೆಯ ಲೆಕ್ಕ. ಇಂಗ್ಲಿಷ್ ತಿಂಗಳುಗಳಲ್ಲಿ 30, 31, 28 ಎಂದು ಏರುಪೇರಿದೆ. ಒಂಬತ್ತು ತಿಂಗಳು ಎಂದರೆ 273ರಿಂದ 276 ದಿನ. 280ಕ್ಕೆ ಮುಟ್ಟಲು ಇನ್ನೂ ನಾಲ್ಕರಿಂದ ಏಳು ದಿನ ಸೇರಿಸಬೇಕು. ಸೊಸೆ ಸತ್ಯಕ್ಕೆ ಹತ್ತಿರವಿದ್ದಾಳೆ, ಆದರೆ ಪೂರ್ತಿ ತಲುಪಿಲ್ಲ.

ತಿಂಗಳು ಬಿಟ್ಟು ದಿನ ಎಣಿಸಿ

ಎರಡು ತಾರೀಖುಗಳ ನಡುವಿನ ದಿನ ಲೆಕ್ಕ ಹಾಕಲು ಮೂರು ಹೆಜ್ಜೆ ಸಾಕು.

ಮೊದಲು, ಶುರುವಾದ ತಿಂಗಳಲ್ಲಿ ಉಳಿದ ದಿನ: ಮಾರ್ಚ್ 31ರಲ್ಲಿ 10 ಕಳೆದರೆ 21.

ಆಮೇಲೆ, ನಡುವಿನ ಪೂರ್ತಿ ತಿಂಗಳುಗಳು: ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರ್ 31, ನವೆಂಬರ್ 30. ಒಟ್ಟು 244.

ಕೊನೆಗೆ, ಮುಗಿಯುವ ತಿಂಗಳ ತಾರೀಖು: ಡಿಸೆಂಬರ್ 15.

21, 244, 15 ಕೂಡಿಸಿದರೆ 280. ಯಾವ ತಿಂಗಳಿಗೆ 31 ದಿನ ಎಂಬ ಅನುಮಾನ ಬಂದರೆ ಮುಷ್ಟಿ ಹಿಡಿದು ನೋಡಿ. ಗೆಣ್ಣಿನ ಮೇಲೆ ಬಂದ ತಿಂಗಳಿಗೆ 31, ಗೆಣ್ಣುಗಳ ನಡುವಿನ ತಗ್ಗಿನಲ್ಲಿ ಬಂದದ್ದಕ್ಕೆ 30, ಫೆಬ್ರವರಿಗೆ 28. ಜುಲೈ ಕೊನೆಯ ಗೆಣ್ಣಿಗೆ ಬರುತ್ತದೆ. ಆಗಸ್ಟನ್ನು ಮತ್ತೆ ಮೊದಲ ಗೆಣ್ಣಿನಿಂದ ಶುರುಮಾಡಿ.

ಎಮ್ಮೆಯಾದರೆ 280ರ ಬದಲು ಸುಮಾರು 310 ದಿನ. ಮಾರ್ಚ್ 10ಕ್ಕೆ ಗರ್ಭಧಾರಣೆಯಾದ ಎಮ್ಮೆ 2027ರ ಜನವರಿ 14ರ ಹೊತ್ತಿಗೆ ಕರು ಹಾಕುತ್ತದೆ. ಹಸುವಾಗಲಿ ಎಮ್ಮೆಯಾಗಲಿ ಐದಾರು ದಿನ ಹಿಂದೆ ಮುಂದೆ ಆಗುವುದು ಸಹಜ. ಆದರೆ ನಮ್ಮ ಎಣಿಕೆ ಸರಿಯಿದ್ದರೆ ತಾನೇ ಹಿಂದೆ ಆಯಿತೋ ಮುಂದೆ ಆಯಿತೋ ಎಂದು ಗೊತ್ತಾಗುವುದು?

ಒಂದು ತಾರೀಖಿನಿಂದ ಉಳಿದ ತಾರೀಖುಗಳು

ಗರ್ಭಧಾರಣೆಯ ತಾರೀಖು ಒಂದು ಕೈಯಲ್ಲಿದ್ದರೆ ಗೌರಿಯ ಇಡೀ ವರ್ಷ ಕಣ್ಣ ಮುಂದೆ ಬರುತ್ತದೆ.

ಮಾರ್ಚ್ 31, ಅಂದರೆ 21 ದಿನ ತುಂಬಿದಾಗ: ಮತ್ತೆ ಬೆದೆಗೆ ಬಂದಳೇ ನೋಡಿ. ಬೆದೆಯ ಚಕ್ರ 18ರಿಂದ 24 ದಿನದೊಳಗೆ ತಿರುಗುವುದರಿಂದ ಮಾರ್ಚ್ 28ರಿಂದ ಏಪ್ರಿಲ್ 3ರವರೆಗೆ ಬೆಳಿಗ್ಗೆ ಸಂಜೆ ಕಣ್ಣಿಟ್ಟಿರಬೇಕು. ಏಪ್ರಿಲ್ 21ರ ಸುತ್ತ ಇನ್ನೊಮ್ಮೆ ಗಮನಿಸಿ.

ಮೇ 9ರಿಂದ ಜೂನ್ 8ರೊಳಗೆ, ಅಂದರೆ 60ರಿಂದ 90 ದಿನದ ನಡುವೆ: ಗಬ್ಬ ಪರೀಕ್ಷೆ ಮಾಡಿಸಿ. ಬೆದೆಗೆ ಬರಲಿಲ್ಲವೆಂದ ಮಾತ್ರಕ್ಕೆ ಗಬ್ಬ ನಿಂತಿದೆ ಎಂದುಕೊಳ್ಳಬಾರದು.

ಅಕ್ಟೋಬರ್ 16: ಹಾಲು ಬತ್ತಿಸುವ ದಿನ. ಕರು ಹಾಕುವುದಕ್ಕೆ 60 ದಿನ ಮುಂಚೆ ಕೆಚ್ಚಲಿಗೆ ವಿಶ್ರಾಂತಿ ಸಿಗಬೇಕು.

ಅತ್ತೆಯ ಲೆಕ್ಕ ಹಿಡಿದಿದ್ದರೆ ಹಾಲು ಬತ್ತಿಸುವುದು ಅಕ್ಟೋಬರ್ 31ಕ್ಕೆ ಹೋಗುತ್ತಿತ್ತು. ಗೌರಿಗೆ 60 ದಿನದ ಬದಲು 45 ದಿನದ ವಿಶ್ರಾಂತಿ. ಕರು ನಾಲ್ಕು ದಿನ ಮೊದಲೇ ಬಂದರೆ 41. ಹದಿನೈದು ದಿನ ಹೆಚ್ಚು ಕರೆದು ಸಿಗುವುದು ಗಬ್ಬದ ಕೊನೆಯ ಸ್ವಲ್ಪ ಹಾಲು. ಕೆಚ್ಚಲಿಗೆ ವಿಶ್ರಾಂತಿ ಸಾಲದೆ ಹೋದರೆ ಮುಂದಿನ ಸೂಲಿನಲ್ಲಿ ತಿಂಗಳುಗಟ್ಟಲೆ ಹಾಲು ಇಳಿಯುತ್ತದೆ, ಒಳಗಿನ ಕರುವಿಗೂ ಸೊರಗು.

ಕರು ಹಾಕಿದ ಮೇಲೂ ಎಣಿಕೆ ನಿಲ್ಲುವುದಿಲ್ಲ. ವರ್ಷಕ್ಕೊಂದು ಕರು ಬೇಕೆಂದರೆ ಲೆಕ್ಕ ಸುಲಭ: 365ರಲ್ಲಿ 280 ಕಳೆದರೆ 85. ಕರು ಹಾಕಿದ 85 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಡಿಸೆಂಬರ್ 15ಕ್ಕೆ ಕರು ಹಾಕಿದ ಗೌರಿಗೆ 2027ರ ಫೆಬ್ರವರಿ 13ಕ್ಕೆ 60 ದಿನ, ಮಾರ್ಚ್ 15ಕ್ಕೆ 90 ದಿನ. ನಡುವೆ ಸಿಗುವುದು ಒಂದೋ ಎರಡೋ ಬೆದೆ. ಒಂದು ಬೆದೆ ತಪ್ಪಿದರೆ 21 ದಿನದ ಮೇವು, ಹಿಂಡಿ ಹಾಗೇ ಖರ್ಚಾಯಿತೆಂದು ತಿಳಿಯಿರಿ.

ಹುಟ್ಟಿದ್ದು ಹೆಣ್ಣುಗರುವಾದರೆ ಕಂದು ಹಾಕುವ ರೋಗದ, ಅಂದರೆ ಬ್ರುಸೆಲ್ಲಾ ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಒಮ್ಮೆ ಹಾಕಿಸಬೇಕು. ಗೌರಿಯ ಕರುವಿಗೆ ಆ ಅವಧಿ 2027ರ ಏಪ್ರಿಲ್ 15ರಿಂದ ಆಗಸ್ಟ್ 15. ಕರುವಿನ ಹುಟ್ಟಿದ ದಿನ ಬರೆದಿಡದ ಮನೆಯಲ್ಲಿ ಈ ಅವಧಿ ಯಾವಾಗ ಬಂತು, ಯಾವಾಗ ಹೋಯಿತು ಎಂದೇ ತಿಳಿಯುವುದಿಲ್ಲ.

"ಎಂಟು ದಿನ" ಎಂದರೆ ಎಷ್ಟು ದಿನ?

"ಎಂಟು ದಿನ ಬಿಟ್ಟು ಬಾರವ್ವ" ಎಂದು ಯಾರಾದರೂ ಸೋಮವಾರ ಹೇಳಿದರೆ ನೀವು ಹೋಗುವುದು ಮುಂದಿನ ಸೋಮವಾರ. ಸೋಮವಾರದಿಂದ ಸೋಮವಾರಕ್ಕೆ ಏಳೇ ದಿನ. ಆದರೂ ನಾವು ಎಂಟು ಎನ್ನುತ್ತೇವೆ. "ಹದಿನೈದು ದಿನ" ಎನ್ನುವುದೂ ಹಾಗೆಯೇ, ಎರಡು ವಾರಕ್ಕೆ ಹದಿನಾಲ್ಕೇ ದಿನ. ಮಗು ಹುಟ್ಟಿದ ಹನ್ನೊಂದನೇ ದಿನ ಎಂದು ಎಣಿಸುವಾಗಲೂ ಹುಟ್ಟಿದ ದಿನವನ್ನೇ ಒಂದು ಎಂದು ಹಿಡಿಯುತ್ತೇವೆ. ಶುರುವಾದ ದಿನವನ್ನೂ ಸೇರಿಸಿ ಎಣಿಸುವುದು ನಮ್ಮ ಮನೆಯ ರೂಢಿ.

ಕೊಟ್ಟಿಗೆಯಲ್ಲಿ ಗೂಟ ಹೊಡೆದದ್ದನ್ನು ನೆನಪಿಸಿಕೊಳ್ಳಿ. ಸಾಲಾಗಿ ಎಂಟು ಗೂಟ ಹೊಡೆದರೆ ಅವುಗಳ ನಡುವಿನ ಜಾಗ ಏಳು. ಮನೆಯಲ್ಲಿ ನಾವು ಗೂಟ ಎಣಿಸುತ್ತೇವೆ. ಗಬ್ಬದ ಅವಧಿ, ಔಷಧದ ಅವಧಿ, ಕಾನೂನಿನ ಅವಧಿ ಎಣಿಸುವುದು ನಡುವಿನ ಜಾಗವನ್ನು. 1897ರ ಸಾಮಾನ್ಯ ಖಂಡಗಳ ಅಧಿನಿಯಮ ಹೇಳುವುದೂ ಇದನ್ನೇ: ಕಾನೂನಿನಲ್ಲಿ "ಇಂಥ ದಿನದಿಂದ" ಎಂದು ಬರೆದಿದ್ದರೆ ಆ ಮೊದಲ ದಿನವನ್ನು ಬಿಟ್ಟು ಮಾರನೆಯ ದಿನದಿಂದ ಒಂದು ಎಂದು ಎಣಿಸಬೇಕು.

ಒಂದು ದಿನದ ಈ ವ್ಯತ್ಯಾಸ ಎಲ್ಲಿ ಪೆಟ್ಟು ಕೊಡುತ್ತದೆ ಗೊತ್ತೇ? ಕೆಚ್ಚಲು ಬಾವಿಗೆ ಔಷಧ ಕೊಟ್ಟಾಗ. ಪಶುವೈದ್ಯರು "72 ಗಂಟೆ ಹಾಲು ಡೇರಿಗೆ ಹಾಕಬೇಡಿ" ಎಂದಿದ್ದಾರೆ, ಕೊನೆಯ ಇಂಜೆಕ್ಷನ್ ಸೋಮವಾರ ಸಂಜೆ ಆರು ಗಂಟೆಗೆ ಆಗಿದೆ ಎಂದಿಟ್ಟುಕೊಳ್ಳಿ. 72 ಗಂಟೆ ಎಂದರೆ ಮೂರು ದಿನ. ಮನೆಯ ರೂಢಿಯಂತೆ ಸೋಮವಾರ, ಮಂಗಳವಾರ, ಬುಧವಾರ ಎಂದು ಎಣಿಸಿ ಗುರುವಾರ ಬೆಳಿಗ್ಗೆ ಹಾಲು ಹಾಕಿದರೆ ಆಗಿರುವುದು 60 ಗಂಟೆಯಷ್ಟೇ. 72 ಗಂಟೆ ತುಂಬುವುದು ಗುರುವಾರ ಸಂಜೆ ಆರಕ್ಕೆ. ಮಂಗಳವಾರ ಬೆಳಿಗ್ಗೆಯಿಂದ ಗುರುವಾರ ಸಂಜೆಯವರೆಗೆ ಆರು ಹೊತ್ತಿನ ಹಾಲು ಬಿಟ್ಟು, ಶುಕ್ರವಾರ ಬೆಳಿಗ್ಗೆಯಿಂದ ಹಾಕಿ.

ಇಲ್ಲಿ ಎರಡು ಮಾತು ನೆನಪಿರಲಿ. ಎಣಿಕೆ ಶುರುವಾಗುವುದು ಮೊದಲ ಇಂಜೆಕ್ಷನ್‌ನಿಂದಲ್ಲ, ಕೊನೆಯದರಿಂದ. ಎಷ್ಟು ಗಂಟೆ ಎಂಬುದು ಔಷಧದಿಂದ ಔಷಧಕ್ಕೆ ಬೇರೆ, ವೈದ್ಯರನ್ನು ಕೇಳಿಯೇ ಬರೆದುಕೊಳ್ಳಿ. ಸಂಘದಲ್ಲಿ ನಿಮ್ಮ ಹಾಲು ಊರಿನ ಎಲ್ಲರ ಹಾಲಿನ ಜೊತೆ ಸೇರುತ್ತದೆ. ಹನ್ನೆರಡು ಗಂಟೆಯ ಆತುರದಿಂದ ಊರಿನ ಹಾಲೆಲ್ಲ ಕೆಡಬಾರದಲ್ಲವೇ? ಅದನ್ನು ಕುಡಿಯುವ ಮಕ್ಕಳಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಕಚೇರಿಯ ಕ್ಯಾಲೆಂಡರು ಬೇರೆ

ಇಲ್ಲಿಯವರೆಗೆ ನೋಡಿದ್ದು ಕೊಟ್ಟಿಗೆಯ ಲೆಕ್ಕ. ಅದರಲ್ಲಿ ರಜೆ ಇಲ್ಲ. ದೀಪಾವಳಿಯಂದೂ ಹಸು ಬೆದೆಗೆ ಬರುತ್ತದೆ, ಭಾನುವಾರವೂ ಕರು ಹಾಕುತ್ತದೆ. ಆದರೆ ಕಚೇರಿಯವರು "ಕೆಲಸದ ದಿನ" ಎಂದರೆ ಲೆಕ್ಕ ಬದಲಾಗುತ್ತದೆ. ಭಾನುವಾರ, ಎರಡನೇ ಶನಿವಾರ, ನಾಲ್ಕನೇ ಶನಿವಾರ, ಸರ್ಕಾರಿ ರಜೆ ಇವನ್ನೆಲ್ಲ ಬಿಟ್ಟು ಉಳಿದದ್ದೇ ಕೆಲಸದ ದಿನ. ರಾಜ್ಯ ಸರ್ಕಾರದ ಕಚೇರಿಗಳಿಗೂ ಬ್ಯಾಂಕುಗಳಿಗೂ ಈ ಎರಡು ಶನಿವಾರ ರಜೆ. ಮೊದಲ, ಮೂರನೇ ಶನಿವಾರ ಮತ್ತು ತಿಂಗಳಲ್ಲಿ ಐದನೆಯದು ಬಂದರೆ ಅದೂ ಕೆಲಸದ ದಿನಗಳೇ.

ಉದಾಹರಣೆಗೆ, 2026ರ ಜನವರಿ 19ರ ಸೋಮವಾರ ನಾಡಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟಿರಿ. "21 ಕೆಲಸದ ದಿನ" ಎಂದರು. ಕ್ಯಾಲೆಂಡರ್ ದಿನವಾಗಿ ಎಣಿಸಿದರೆ ಫೆಬ್ರವರಿ 9ಕ್ಕೆ ಬರುತ್ತದೆ. ಅಂದು ಹಿಂಡಿ ತರುವ ಕೆಲಸ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಹೋದರೆ "ಇನ್ನೂ ಆಗಿಲ್ಲಮ್ಮ" ಎನ್ನುತ್ತಾರೆ. ಅವರ ಮಾತು ಸರಿಯೇ. ಜನವರಿ 20ರಿಂದ ಎಣಿಸಿ ರಜೆಗಳನ್ನು ಕಳೆಯಿರಿ: ಜನವರಿ 24 ನಾಲ್ಕನೇ ಶನಿವಾರ, 25 ಭಾನುವಾರ, 26 ಗಣರಾಜ್ಯೋತ್ಸವ, ಫೆಬ್ರವರಿ 1 ಮತ್ತು 8 ಭಾನುವಾರ, 14 ಎರಡನೇ ಶನಿವಾರ, 15 ಭಾನುವಾರ. ಒಟ್ಟು ಏಳು ದಿನ ಹೋಯಿತು. ಶಿವರಾತ್ರಿ ಆ ವರ್ಷ ಫೆಬ್ರವರಿ 15ರ ಭಾನುವಾರವೇ ಬಂದಿದ್ದರಿಂದ ಅದನ್ನು ಇನ್ನೊಮ್ಮೆ ಕಳೆಯಬಾರದು. ಕೆಲಸದ 21ನೇ ದಿನ ಬರುವುದು ಫೆಬ್ರವರಿ 16ರ ಸೋಮವಾರ. ತಾಳೆ ನೋಡಿ: ಜನವರಿ 19ರಿಂದ ಫೆಬ್ರವರಿ 16ಕ್ಕೆ 28 ದಿನ, ಏಳು ರಜೆ ಕಳೆದರೆ 21. ಸರಿಹೋಯಿತು.

ಬಾಯಿಲೆಕ್ಕ ಬೇಕೆಂದರೆ, ನಾಲ್ಕು ವಾರದಲ್ಲಿ ನಾಲ್ಕು ಭಾನುವಾರ, ಸಾಮಾನ್ಯವಾಗಿ ಎರಡು ರಜೆಯ ಶನಿವಾರ ಹೋಗಿ 22 ಕೆಲಸದ ದಿನ ಉಳಿಯುತ್ತದೆ. ಹಬ್ಬಗಳಿದ್ದರೆ ಅವನ್ನೂ ಕಳೆಯಿರಿ.

ನಮ್ಮ ರಾಜ್ಯದಲ್ಲಿ ಸರ್ಕಾರಿ ಸೇವೆಗಳಿಗೆ ಗಡುವು ಹಾಕಿರುವುದು 2011ರ ಸಕಾಲ ಕಾಯ್ದೆ. ಸಕಾಲದಡಿ ಬರುವ ಅರ್ಜಿ ಕೊಟ್ಟಾಗ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಗಡುವನ್ನು ಕೆಲಸದ ದಿನಗಳಲ್ಲಿ ಎಣಿಸುತ್ತಾರೆ. ಅದು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಕೆಲಸದ ದಿನದ ಲೆಕ್ಕ ಗೊತ್ತಿದ್ದವರು ಗಡುವಿಗೆ ಮುಂಚೆ ಸುಮ್ಮನೆ ಅಲೆಯುವುದಿಲ್ಲ, ಗಡುವು ಮೀರಿದ ಮೇಲೆ ಸುಮ್ಮನೆ ಕೂರುವುದೂ ಇಲ್ಲ.

ಆದರೆ ಕಚೇರಿಯದ್ದೆಲ್ಲ ಕೆಲಸದ ದಿನವಲ್ಲ. ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡುವ 30 ದಿನ ಕ್ಯಾಲೆಂಡರ್ ದಿನ, ಭಾನುವಾರವೂ ಸೇರುತ್ತದೆ. ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು, ನಡುವಿನ ರಜೆಗೆ ವಿನಾಯಿತಿ ಇಲ್ಲ. ಹಸುವಿನ ಸಾಲದ ಬಡ್ಡಿ ಭಾನುವಾರವೂ ಬೆಳೆಯುತ್ತದೆ. ಆದ್ದರಿಂದ ಯಾರೇ "ಇಷ್ಟು ದಿನ" ಎಂದರೂ ಒಂದೇ ಪ್ರಶ್ನೆ ಕೇಳಿ: "ರಜೆ ಸೇರಿಸಿಯೋ, ಬಿಟ್ಟೋ?" ಇದನ್ನು ಕೇಳಲು ಸಂಕೋಚ ಬೇಡ.

ಕೊನೆಯ ದಿನವೇ ರಜೆಯಾದರೆ? ಕಾನೂನಿನ ಪ್ರಕಾರ ಕಚೇರಿಯಲ್ಲಿ ಮಾಡಬೇಕಾದ ಕೆಲಸದ ಗಡುವು ಕಚೇರಿ ಮುಚ್ಚಿದ ದಿನ ಮುಗಿದರೆ, ಮುಂದೆ ಬಾಗಿಲು ತೆರೆದ ದಿನ ಮಾಡಿದರೂ ಸಲ್ಲುತ್ತದೆ. ಸಾಲದ ಕಂತು, ವಿಮೆಯಂಥ ಒಪ್ಪಂದಗಳಲ್ಲಿ ಮಾತ್ರ ಇದನ್ನು ನಂಬಿ ಕೂರಬೇಡಿ. ಅಲ್ಲಿ ಪತ್ರದಲ್ಲಿ ಏನು ಬರೆದಿದೆಯೋ ಅದೇ ಕೊನೆ. ಎರಡು ದಿನ ಮೊದಲೇ ಮುಗಿಸುವುದು ಲೇಸು.

ವಿಮೆಯಲ್ಲಿ ಒಂದು ದಿನವೂ ದೊಡ್ಡದು

ಪಾಲಿಸಿ 2026ರ ಆಗಸ್ಟ್ 1ರಂದು ಶುರುವಾಗಿ ಒಂದು ವರ್ಷದ್ದಾದರೆ ಅದು ಮುಗಿಯುವುದು 2027ರ ಜುಲೈ 31ರ ಮಧ್ಯರಾತ್ರಿ, ಆಗಸ್ಟ್ 1ಕ್ಕಲ್ಲ. "ಒಂದನೇ ತಾರೀಖು ತಾನೇ, ಬಟವಾಡೆ ಬಂದ ಮೇಲೆ ಕಟ್ಟಿದರಾಯಿತು" ಎಂದುಕೊಂಡರೆ ನಡುವಿನ ದಿನಗಳಲ್ಲಿ ಹಸುವಿಗೆ ವಿಮೆಯ ರಕ್ಷಣೆ ಇರುವುದಿಲ್ಲ. ಹೊಸ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊದಲ 15 ದಿನ ರೋಗದ ಸಾವಿಗೆ ಪರಿಹಾರ ಇರುವುದಿಲ್ಲ. ತಡಮಾಡಿ ಕಟ್ಟಿ ಅದು ಹೊಸ ಪಾಲಿಸಿಯೇ ಆಗಿಬಿಟ್ಟರೆ ಆ 15 ದಿನವನ್ನು ಮತ್ತೆ ಕಾಯಬೇಕಾಗುತ್ತದೆ. ನಿಮ್ಮ ಪಾಲಿಸಿಯಲ್ಲಿ ಏನಿದೆ ಎಂದು ಓದಿಸಿ ತಿಳಿಯಿರಿ.

ಹಸು ಸತ್ತರೆ ಎರಡನೇ ಶನಿವಾರ, ಭಾನುವಾರ ಎಂದು ಸೋಮವಾರದವರೆಗೆ ಕಾಯಬೇಡಿ. ಆಗಲೇ ಸಂಘದ ಕಾರ್ಯದರ್ಶಿಗೆ, ಪಶುವೈದ್ಯರಿಗೆ, ವಿಮೆಯವರಿಗೆ ಫೋನ್ ಮಾಡಿ. ಯಾವ ಹೊತ್ತಿಗೆ ಯಾರಿಗೆ ಹೇಳಿದಿರಿ ಎಂದು ಬರೆದಿಡಿ. ಮರಣೋತ್ತರ ಪರೀಕ್ಷೆಗೆ ಮುಂಚೆ ಹೂಳಬೇಡಿ, ಕಿವಿಯೋಲೆಯನ್ನು ಜೋಪಾನ ಮಾಡಿ.

ನಿಮ್ಮ ಮತವೂ ದಿನದ ಲೆಕ್ಕದಲ್ಲಿದೆ

ಸಂಘದ ಸಭೆಯಲ್ಲಿ ಮತ ಹಾಕಲು, ಚುನಾವಣೆಗೆ ನಿಲ್ಲಲು ವರ್ಷದಲ್ಲಿ ಇಷ್ಟು ದಿನ ಅಥವಾ ಇಷ್ಟು ಲೀಟರ್ ಹಾಲು ಹಾಕಿರಬೇಕು ಎಂಬ ನಿಯಮ ಬೈಲಾದಲ್ಲಿ ಇರುತ್ತದೆ. ಸಂಘದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಒಂದೇ ಹಸು ಇರುವ ಮನೆಯಲ್ಲಿ ಹಾಲು ಬತ್ತಿಸಿದ ಎರಡು ತಿಂಗಳು, ಗಿಣ್ಣು ಹಾಲಿನ ದಿನಗಳು, ಔಷಧ ಕೊಟ್ಟ ದಿನಗಳು ಎಲ್ಲ ಕಳೆದು ಉಳಿದದ್ದೇ ನಿಮ್ಮ ಲೆಕ್ಕ. ನಿಮ್ಮ ಸಂಘದ ಬೈಲಾದಲ್ಲಿ ಎಷ್ಟು ದಿನ ಎಂದಿದೆ ಎಂದು ಕಾರ್ಯದರ್ಶಿಯನ್ನು ಕೇಳಿ. ಜನವರಿಯಲ್ಲೇ ಒಮ್ಮೆ ಹಾಲಿನ ಪುಸ್ತಕ ತೆಗೆದು ಹಾಕಿದ ದಿನಗಳನ್ನು ಕೂಡಿಸಿ. ಕಡಿಮೆ ಇದ್ದರೆ ಇನ್ನೂ ಸಮಯವಿರುತ್ತದೆ. ಹಸು ನೋಡಿಕೊಳ್ಳುವವರು ನಾವು. ಮತ ಹಾಕುವ ದಿನ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲದಂತಾಗಬಾರದು.

ಇವತ್ತೇ ಮಾಡಿ

ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಪೆನ್ನು ದಾರಕ್ಕೆ ಕಟ್ಟಿ ನೇತುಹಾಕಿ. ಹಸುವಿನ ತಾರೀಖುಗಳನ್ನು ನೀಲಿಯಲ್ಲಿ ಬರೆಯಿರಿ: ಗರ್ಭಧಾರಣೆ, 21ನೇ ದಿನ, ಗಬ್ಬ ಪರೀಕ್ಷೆ, ಹಾಲು ಬತ್ತಿಸುವುದು, ಕರು ಹಾಕುವುದು. ಕಚೇರಿಯ ತಾರೀಖುಗಳನ್ನು ಕೆಂಪಿನಲ್ಲಿ ಬರೆಯಿರಿ: ಅರ್ಜಿಯ ಗಡುವು, ಸಾಲದ ಕಂತು, ವಿಮೆ ಮುಗಿಯುವ ಹಿಂದಿನ ವಾರ. ನೀಲಿಯಲ್ಲಿ ಯಾವ ದಿನವನ್ನೂ ಬಿಡದೆ ಎಣಿಸಿ. ಕೆಂಪಿನಲ್ಲಿ ಮೊದಲು ಕೇಳಿ, ಆಮೇಲೆ ಎಣಿಸಿ. ಎರಡರಲ್ಲೂ ಶುರುವಾದ ದಿನದ ಮಾರನೆಯ ದಿನವನ್ನು ಒಂದು ಎನ್ನಿ. ವರ್ಷ ಮುಗಿದು ಹೊಸ ಕ್ಯಾಲೆಂಡರ್ ಬಂದಾಗ ಹಳೆಯದನ್ನು ಒಲೆಗೆ ಹಾಕಬೇಡಿ. ಗೌರಿಯ ಮುಂದಿನ ಲೆಕ್ಕ ಅದರಿಂದಲೇ ಶುರುವಾಗುವುದು.

ಅತ್ತೆಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಅಧಿಕ ಮಾಸ ಯಾವಾಗ ಎಂದು ಅವರು ಹೇಳಲಿ, 280ನೇ ದಿನ ಯಾವುದೆಂದು ನೀವು ಎಣಿಸಿ. ಕೊಟ್ಟಿಗೆಯ ಬಾಗಿಲಲ್ಲಿ ಮುಂದಿನ ಸಲ "ಗೌರಿ ಯಾವಾಗ ಕರು ಹಾಕ್ತಾಳೆ?" ಎಂಬ ಮಾತು ಬಂದರೆ ಇಬ್ಬರೂ ಒಂದೇ ತಾರೀಖು ಹೇಳುವಂತಾಗಲಿ.